ಫೈನಲ್ ಶುರುವಾಗುವ ಮೊದಲೇ ತೊಂಬತ್ತು ಜನ ಔಟ್! ಮಿಸ್ ಯೂನಿವರ್ಸ್‌ನಲ್ಲಿ ಇದು ಹೇಗೆ?

ಮೊದಲ ಸಲ ನೋಡಿದವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ನನಗೆ ಮಿಸ್ ಯೂನಿವರ್ಸ್ ಅಂದರೆ ಮರುದಿನದ ಪೇಪರಿನಲ್ಲಿ ಬರುವ ಕಿರೀಟದ ಫೋಟೋ ಅಷ್ಟೇ ಆಗಿತ್ತು. 2025ರ ನವೆಂಬರ್ 21ರಂದು ಥಾಯ್ಲೆಂಡಿನಲ್ಲಿ ನಡೆದ ಫೈನಲ್ಲನ್ನು ಮೊದಲ ಸಲ ಪೂರ್ತಿ ಕೂತು ನೋಡಿದೆ. ಹಾಕಿದ್ದು ನನ್ನ ಹೆಂಡತಿ. ನಾನು ಪಕ್ಕದಲ್ಲಿ ಫೋನ್ ಹಿಡಿದು ಕೂತಿದ್ದೆ. ಹತ್ತು ನಿಮಿಷಕ್ಕೆ ಫೋನ್ ಕೆಳಗಿಟ್ಟೆ.

ಅರ್ಥವಾಗದೆ ಉಳಿದದ್ದು ಇದು. ನೂರಿಪ್ಪತ್ತರಷ್ಟು ಹುಡುಗಿಯರು ವೇದಿಕೆಗೆ ಬಂದರು. ಅಷ್ಟರಲ್ಲೇ ಮೂವತ್ತು ದೇಶಗಳ ಹೆಸರು ಓದಿಬಿಟ್ಟರು. ಉಳಿದ ತೊಂಬತ್ತು ಜನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಅವರ ಕಥೆ ಅಲ್ಲಿಗೆ ಮುಗಿಯಿತು! ಅಷ್ಟು ಹೊತ್ತಿಗೆ ಯಾರೂ ಏನೂ ಮಾಡಿಯೇ ಇರಲಿಲ್ಲವಲ್ಲ? ತಿಂಗಳುಗಟ್ಟಲೆ ತಯಾರಾಗಿ ಬಂದವರನ್ನು ಯಾವ ಲೆಕ್ಕದಲ್ಲಿ ಬಿಟ್ಟರು? ನಮ್ಮ ದೇಶದ ಮಣಿಕಾ ವಿಶ್ವಕರ್ಮ ಮೂವತ್ತರಲ್ಲಿ ಇದ್ದರು, ಮುಂದಿನ ಸುತ್ತಿಗೆ ಉಳಿದ ಹನ್ನೆರಡರಲ್ಲಿ ಇರಲಿಲ್ಲ. ಯಾಕೆ ಬಂದರು, ಯಾಕೆ ಹೋದರು, ಎರಡೂ ಗೊತ್ತಾಗಲಿಲ್ಲ.

ಇನ್ನೊಂದು. ಗೆದ್ದವರು ಮೆಕ್ಸಿಕೋದ ಫಾತಿಮಾ ಬಾಷ್. ಅದೇ ತಿಂಗಳ 4ರಂದು ಥಾಯ್ಲೆಂಡಿನ ಆಯೋಜಕ ನವಾತ್ ಇತ್ಸರಾಗ್ರಿಸಿಲ್ ಎಲ್ಲರ ಎದುರು ಅವರನ್ನು ಗದರಿದ್ದರು. ಅವರು ಸುಮ್ಮನಿರದೆ ಎದುರು ಮಾತಾಡಿ ಹೊರಟರು. ಹಿಂದೆಯೇ ಬೇರೆ ಸ್ಪರ್ಧಿಗಳೂ ಎದ್ದು ನಡೆದರು. ಆ ವಿಡಿಯೋ ನೀವೂ ನೋಡಿರುತ್ತೀರಿ. ಕೊನೆಗೆ ಅವರಿಗೇ ಕಿರೀಟ. ಇದು ಕನಿಕರವೋ, ಲೆಕ್ಕಾಚಾರವೋ, ಅಥವಾ ನಿಜಕ್ಕೂ ಅವರೇ ಎಲ್ಲರಿಗಿಂತ ಚೆನ್ನಾಗಿ ಮಾಡಿದರೋ?

"ಎಲ್ಲ ಮೊದಲೇ ಫಿಕ್ಸ್, ನೀನೊಬ್ಬ ದಡ್ಡ" ಅಂತ ನಮ್ಮ ಅಕ್ಕ. ಇದನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದವರು ಯಾರಾದರೂ ಇದ್ದರೆ ಹೇಳಿ. ದಡ್ಡ ಪ್ರಶ್ನೆ ಅನಿಸಿದರೆ ಬೈಯಬೇಡಿ.

ಹಿಂದಿನ ಬೆಂಚು ಬರೆದದ್ದು:

ಅಕ್ಕ ಹೇಳಿದ್ದೇ ಸರಿ ಸ್ವಾಮಿ. ಅವರ ಕಾಲಿಗೆ ಬಿದ್ದು ಟೀವಿ ಆರಿಸಿ.

ಇದು ಹುಟ್ಟಿದ್ದೇ ಈಜುಡುಗೆ ಮಾರುವುದಕ್ಕೆ. ಗೆದ್ದ ಮೇಲೆ ಈಜುಡುಗೆಯಲ್ಲಿ ಊರೂರು ತಿರುಗಿ ಪೋಸ್ ಕೊಡುವುದಿಲ್ಲ ಅಂತ 1951ರ ಮಿಸ್ ಅಮೆರಿಕಾ ಯೋಲಾಂಡ್ ಬೆಟ್‌ಬೀಜ್ ಕಡ್ಡಿ ಮುರಿದಂತೆ ಹೇಳಿದರು. ಆ ಸ್ಪರ್ಧೆಗೆ ದುಡ್ಡು ಹಾಕುತ್ತಿದ್ದ ಈಜುಡುಗೆಯ ಕ್ಯಾಟಲೀನಾ ಕಂಪನಿಗೆ ಸಿಟ್ಟು ಬಂತು. ನಮ್ಮದೇ ಸ್ಪರ್ಧೆ ಮಾಡುತ್ತೇವೆ ಅಂತ 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಮಿಸ್ ಯೂನಿವರ್ಸ್ ಶುರು ಮಾಡಿದರು. ವಿಶ್ವಸುಂದರಿಯ ಜಾತಕ ಇಷ್ಟೇ.

ಆಮೇಲೆ ಕೈ ಬದಲಾಯಿಸುತ್ತಾ ಬಂತು. 1996ರಿಂದ 2015ರವರೆಗೆ ಡೊನಾಲ್ಡ್ ಟ್ರಂಪ್ ಕೈಯಲ್ಲಿತ್ತು. 2022ರಲ್ಲಿ ಥಾಯ್ಲೆಂಡಿನ ಜೆಕೆಎನ್ ಕಂಪನಿ 2 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ ಸಾಲ ತೀರಿಸಲಾಗದೆ ಕೋರ್ಟಿಗೆ ಹೋಯಿತು. 2025ರ ಹೊತ್ತಿಗೆ ಪಾಲುದಾರರಲ್ಲಿ ಒಬ್ಬರು ಮೆಕ್ಸಿಕೋದ ಉದ್ಯಮಿ ರೌಲ್ ರೋಚಾ. ಆ ವರ್ಷ ಗೆದ್ದ ದೇಶ ಯಾವುದು? ಮೆಕ್ಸಿಕೋ. ಅಂಗಡಿಯೂ ಅವರದೇ, ತಕ್ಕಡಿಯೂ ಅವರದೇ. ಫೈನಲ್‌ಗೆ ಕೆಲವೇ ದಿನ ಇರುವಾಗ ತೀರ್ಪುಗಾರರಲ್ಲಿ ಒಬ್ಬರಾದ ಸಂಗೀತಗಾರ ಒಮರ್ ಹರ್ಫೂಶ್ "ಮೂವತ್ತು ಜನರನ್ನು ನಮಗೆ ಗೊತ್ತಿಲ್ಲದೆ ಆರಿಸುತ್ತಿದ್ದಾರೆ" ಅಂತ ಆರೋಪಿಸಿ ಹೊರಬಂದರು. ಸಂಸ್ಥೆ ಹಾಗೇನಿಲ್ಲ ಅಂದಿತು. ಇನ್ನೇನು ಹೇಳುತ್ತದೆ, ಅಲ್ವಾ?

ಗೆರೆ ಪುಸ್ತಕ ಬರೆದದ್ದು:

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಹೊಸಬರಿಗೆ ಕಣ್ಣಿಗೆ ಬೀಳುವುದು ಇದೇ. ನಮಗೆ ಅಭ್ಯಾಸವಾಗಿಬಿಟ್ಟಿದೆ, ಕೇಳುವುದನ್ನೇ ಮರೆತಿದ್ದೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದಾಗ ಓದಿ.

ನೀವು ನೋಡಿದ್ದು ಬಾಲ ಮಾತ್ರ. ಸ್ಪರ್ಧೆ ಎರಡು ಮೂರು ವಾರದ್ದು. ಫೈನಲ್‌ಗೆ ಒಂದೆರಡು ದಿನ ಮೊದಲು ಪ್ರಿಲಿಮಿನರಿ ಅಂತ ಒಂದು ರಾತ್ರಿ ಇರುತ್ತದೆ. ಆ ದಿನ ಎಲ್ಲ ದೇಶದವರೂ ಈಜುಡುಗೆಯಲ್ಲಿ ಒಂದು ಸಲ, ಗೌನ್ ಹಾಕಿ ಒಂದು ಸಲ ನಡೆಯುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಅರ್ಧ ನಿಮಿಷವೋ ಏನೋ. ತಪ್ಪಾದರೆ ಎರಡನೇ ಸಲ ಇಲ್ಲ. 2025ರಲ್ಲಿ ಜಮೈಕಾದ ಗೇಬ್ರಿಯಲ್ ಹೆನ್ರಿ ಗೌನ್ ಸುತ್ತಿನಲ್ಲಿ ನಡೆಯುತ್ತಾ ವೇದಿಕೆಯಿಂದಲೇ ಕೆಳಗೆ ಬಿದ್ದರು. ಸ್ಟ್ರೆಚರ್ ಮೇಲೆ ಆಸ್ಪತ್ರೆಗೆ ಒಯ್ದರು. ಅದಾಗಿದ್ದು ಈ ಪ್ರಿಲಿಮಿನರಿಯಲ್ಲೇ.

ಇದಕ್ಕಿಂತ ದೊಡ್ಡದು ಮುಚ್ಚಿದ ಬಾಗಿಲ ಸಂದರ್ಶನ. ತೀರ್ಪುಗಾರರು ಒಂದು ಕೋಣೆಯಲ್ಲಿ ಕೂತಿರುತ್ತಾರೆ. ಪ್ರತಿ ಸ್ಪರ್ಧಿಯೂ ಒಳಗೆ ಹೋಗಿ ಕೆಲವೇ ನಿಮಿಷ ಮಾತಾಡಿ ಬರಬೇಕು. ಕ್ಯಾಮೆರಾ ಇಲ್ಲ, ಪ್ರೇಕ್ಷಕರಿಲ್ಲ. ಫೈನಲ್‌ನಲ್ಲಿ ನಮಗೆ "ಇವಳು ಯಾಕೆ ಬಂದಳಪ್ಪಾ" ಅನಿಸುವವರು ಎಷ್ಟೋ ಸಲ ಆ ಕೋಣೆಯಲ್ಲಿ ಗೆದ್ದು ಬಂದಿರುತ್ತಾರೆ. ನಾವು ತುಂಬಾ ಮೆಚ್ಚಿದ ಚೆಲುವೆ ಅಲ್ಲಿ ಬಾಯಿಪಾಠ ಒಪ್ಪಿಸಿ ಹೊರಬಂದಿರುತ್ತಾಳೆ. ಇವೆಲ್ಲ ಸೇರಿ ಮೂವತ್ತರ ಪಟ್ಟಿ. ಕೆಲವು ವರ್ಷ ಒಂದು ಜಾಗವನ್ನು ಜನರ ಮತಕ್ಕೂ ಬಿಡುತ್ತಾರೆ.

ಇನ್ನು ಫಿಕ್ಸಾ ಅನ್ನುವುದು. ಅದಕ್ಕೆ ನನ್ನ ಪುಸ್ತಕದ ಕಥೆ ಹೇಳಲೇಬೇಕು.

1994ರಲ್ಲಿ ನಾನು ಎಂಟನೇ ಕ್ಲಾಸು. ಆ ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಶ್ಮಿತಾ ಸೇನ್ ಗೆದ್ದರು. ಮಿಸ್ ಯೂನಿವರ್ಸ್ ಭಾರತಕ್ಕೆ ಬಂದದ್ದು ಅದೇ ಮೊದಲು. ಆಮೇಲೆ ಟೀವಿಯಲ್ಲಿ ತೋರಿಸಿದ್ದನ್ನು ನೋಡಿದೆ. ಎಲ್ಲರೂ ಸುಶ್ಮಿತಾರನ್ನು ನೋಡುತ್ತಿದ್ದರು, ನಾನು ಪರದೆಯ ಮೇಲೆ ಬರುತ್ತಿದ್ದ ಅಂಕಿಗಳನ್ನು. ಆಗೆಲ್ಲ ಪ್ರತಿ ನಡಿಗೆ ಮುಗಿದ ತಕ್ಷಣ ತೀರ್ಪುಗಾರರ ಸರಾಸರಿ ಅಂಕ ಟೀವಿಯಲ್ಲೇ ಮೂಡುತ್ತಿತ್ತು, ದಶಾಂಶದ ಸಮೇತ. ನನಗೆ ಲೆಕ್ಕ ಅಂದರೆ ಪ್ರಾಣ. ಉದ್ದ ಗೆರೆ ಎಳೆದು, ಅಡ್ಡ ಗೆರೆ ಎಳೆದು, ದೇಶ ಒಂದು ಕಡೆ, ಸುತ್ತು ಒಂದು ಕಡೆ ಬರೆದುಕೊಂಡೆ. ನನ್ನದೇ ಅಂಕ ಕೊಟ್ಟು ಅವರದಕ್ಕೆ ಹೋಲಿಸಿದೆ. ಮಗಳು ಸರಾಸರಿ ಲೆಕ್ಕ ಮಾಡುತ್ತಿದ್ದಾಳೆ ಅಂತ ಅಪ್ಪನಿಗೆ ಬಹಳ ಖುಷಿ. ಸುಳ್ಳೇನೂ ಅಲ್ಲ, ಸರಾಸರಿಯೇ ಅದು.

ಆ ಪುಸ್ತಕ ಇನ್ನೂ ಇದೆ. ಈಗ ಮೂರನೆಯದು ನಡೆಯುತ್ತಿದೆ. ನಿಯಮ ಒಂದೇ: ಫೈನಲ್ ಶುರುವಾಗುವ ಮೊದಲು ಗೆಲ್ಲುವವರ ಹೆಸರು ಬರೆಯಬೇಕು, ಆಮೇಲೆ ತಿದ್ದುವಂತಿಲ್ಲ. ಮೂವತ್ತು ವರ್ಷದಲ್ಲಿ ನನ್ನದು ಸರಿಯಾಗಿದ್ದು ಆರು ಸಲ. 2018ರ ಫಿಲಿಪೀನ್ಸ್‌ನ ಕ್ಯಾಟ್ರಿಯೋನಾ ಗ್ರೇ ಕಣ್ಣು ಮುಚ್ಚಿ ಹೇಳಬಹುದಿತ್ತು. 2019ರಲ್ಲಿ ಪೋರ್ಟೊ ರಿಕೊ ಬರೆದೆ, ಗಿಡ್ಡ ಕೂದಲಿನ ದಕ್ಷಿಣ ಆಫ್ರಿಕಾದ ಜೋಜಿಬಿನಿ ಟುಂಜಿ ಗೆದ್ದರು. 2021ರಲ್ಲಿ ಪರಾಗ್ವೆ ಬರೆದೆ, ನಮ್ಮ ಹರ್ನಾಜ್ ಸಂಧು ಗೆದ್ದರು. ನಮ್ಮವರನ್ನೇ ಬರೆಯದ ಪಾಪ ನನ್ನದು. ಎರಡು ಸಲವೂ ನಾನು ಬರೆದವರು ಎರಡನೇ ಸ್ಥಾನಕ್ಕೆ ಬಂದರು ಅನ್ನುವುದೊಂದೇ ಸಮಾಧಾನ.

ಅಂಕ ತೋರಿಸುವುದು ಆಮೇಲೆ ನಿಂತೇಹೋಯಿತು. ನನ್ನ ಪುಸ್ತಕದಲ್ಲಿ "ಅವರದು" ಅನ್ನುವ ಕಾಲಂ ಅಲ್ಲಿಂದ ಈಚೆಗೆ ಖಾಲಿ. ನಿಮ್ಮ ಅಕ್ಕನ ಅನುಮಾನ ಹುಟ್ಟಿದ್ದು ಈ ಖಾಲಿ ಕಾಲಂನಲ್ಲೇ ಅನ್ನುವುದು ನನ್ನ ನಂಬಿಕೆ. ಆಗ ನಮಗೆ ಇಷ್ಟವಾದವರು ಸೋತರೆ "ಓ, ಗೌನ್‌ನಲ್ಲಿ ಕಡಿಮೆ ಬಿತ್ತು" ಅಂತ ಬೈದುಕೊಂಡು ಮಲಗುತ್ತಿದ್ದೆವು. ಈಗ ಬೈಯುವುದಕ್ಕೂ ಒಂದು ಅಂಕಿ ಇಲ್ಲ. ಎಲ್ಲ ಮುಚ್ಚಿಟ್ಟು ನಂಬಿ ಅಂದರೆ ಯಾರು ನಂಬುತ್ತಾರೆ?

ಹಿಂದಿನ ಬೆಂಚಿನವರು ಮಾಲೀಕರ ದೇಶವೇ ಗೆದ್ದಿತು ಅಂದರು. ಪುಸ್ತಕ ತೆಗೆದು ನೋಡಿದೆ. ಟ್ರಂಪ್ ಇದ್ದ ಅಷ್ಟೂ ವರ್ಷಗಳಲ್ಲಿ ಅಮೆರಿಕ ಗೆದ್ದದ್ದು ಎರಡೇ ಸಲ, 1997 ಮತ್ತು 2012. ಥಾಯ್ ಕಂಪನಿ ಕೊಂಡ ಮೇಲೆ 2023ರಲ್ಲಿ ಥಾಯ್ಲೆಂಡ್ ಎರಡನೆಯದು, 2025ರಲ್ಲಿ ತಮ್ಮದೇ ನೆಲದಲ್ಲಿ ಮತ್ತೆ ಎರಡನೆಯದು. ಅದೇ ಮೆಕ್ಸಿಕೋ ಪಾಲುದಾರರು ಇದ್ದಾಗ 2024ರಲ್ಲಿ ಮೆಕ್ಸಿಕೋ ಸಿಟಿಯಲ್ಲೇ ಫೈನಲ್ ನಡೆಯಿತು. ಗೆದ್ದದ್ದು ಡೆನ್ಮಾರ್ಕ್‌ನ ವಿಕ್ಟೋರಿಯಾ, ಮೆಕ್ಸಿಕೋ ಮೂರನೆಯದು. ಹಾಗಂತ ಎಲ್ಲ ಗಂಗಾಜಲ ಅಂತ ನಾನು ಹೇಳುವುದಿಲ್ಲ. ಯಾವ ಮುಖ ಮುಂದಿನ ವರ್ಷವಿಡೀ ಸುದ್ದಿಯಲ್ಲಿರುತ್ತದೆ ಅನ್ನುವ ಯೋಚನೆ ಸಂಸ್ಥೆಗೆ ಇಲ್ಲದೆ ಇರುವುದಿಲ್ಲ. ಫಾತಿಮಾ ವಿಷಯದಲ್ಲಿ ನನಗೆ ಅನಿಸುವುದು ಅಷ್ಟೇ. ನವಾತ್ ಗದರಿದ ನವೆಂಬರ್ 4ರ ಆ ಕೋಣೆಯಲ್ಲೇ ಅವರು ಗೆದ್ದಾಗಿತ್ತು. ಹಾಲಿ ಮಿಸ್ ಯೂನಿವರ್ಸ್ ಆಗಿದ್ದ ವಿಕ್ಟೋರಿಯಾ ಕೂಡ ಎದ್ದು ಹೊರಟ ಮೇಲೆ ಇನ್ನೇನು ಉಳಿಯಿತು? ನಾನು ಬರೆದದ್ದು ಮಾತ್ರ ಐವರಿ ಕೋಸ್ಟ್‌ನ ಒಲಿವಿಯಾ ಯಾಸೆ. ಐದನೇ ಸ್ಥಾನ. ತಮಗೆ ಕೊಟ್ಟ ಆಫ್ರಿಕಾ ಮತ್ತು ಓಷಿಯಾನಿಯಾದ ಪಟ್ಟವನ್ನೂ ಆಮೇಲೆ ಅವರು ಬೇಡ ಅಂದರು.

ನಿಮಗೆ ಸ್ವಲ್ಪ ಗೊತ್ತಾಗುವ ಹಾಗೆ ನಡೆಯುವ ಸ್ಪರ್ಧೆ ಬೇಕಾದರೆ ಮಿಸ್ ವರ್ಲ್ಡ್ ನೋಡಿ. ಅದು ಬೇರೆ ಸಂಸ್ಥೆ, 1951ರಲ್ಲಿ ಲಂಡನ್ನಿನಲ್ಲಿ ಎರಿಕ್ ಮೋರ್ಲಿ ಶುರು ಮಾಡಿದ್ದು. ಅಲ್ಲಿ ಪ್ರತಿಭೆ, ಆಟ, ಸೇವೆಯ ಯೋಜನೆ ಅಂತ ಬೇರೆ ಬೇರೆ ಪಂದ್ಯ ಇರುತ್ತವೆ. ಗೆದ್ದವರು ನೇರ ಮುಂದಿನ ಹಂತಕ್ಕೆ. 2017ರಲ್ಲಿ ಮಾನುಷಿ ಛಿಲ್ಲರ್ ಚೀನಾದ ಸನ್ಯಾದಲ್ಲಿ ಕಿರೀಟ ಗೆಲ್ಲುವ ಮೊದಲೇ ಮುಟ್ಟಿನ ಸ್ವಚ್ಛತೆಯ ಯೋಜನೆಗೆ ಬಹುಮಾನ ಹಂಚಿಕೊಂಡಿದ್ದರು. 2025ರಲ್ಲಿ ಹೈದರಾಬಾದಿನಲ್ಲಿ ಖಂಡಕ್ಕೆ ಹತ್ತರಂತೆ ನಲವತ್ತು ಜನರನ್ನು ಆರಿಸಿದರು. ಗೆದ್ದದ್ದು ಥಾಯ್ಲೆಂಡಿನ ಓಪಲ್ ಸುಚಾತಾ. ಅದಕ್ಕೆ ಆರು ತಿಂಗಳ ಹಿಂದೆ ಇದೇ ಓಪಲ್ ಮಿಸ್ ಯೂನಿವರ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದಿದ್ದರು.

ಆದರೆ ಬೆಳಗಾಗುವ ಮೊದಲೇ ಎದ್ದು ಕೂರುವಷ್ಟು ಮಜಾ ಮಿಸ್ ಯೂನಿವರ್ಸ್‌ನಲ್ಲೇ ಜಾಸ್ತಿ. ಅದು ಬೇರೆ ಮಾತು.

ಮೊದಲ ಸಲ ನೋಡಿದವನು ಬರೆದದ್ದು:

ಮೇಡಂ, ದೊಡ್ಡ ನಮಸ್ಕಾರ. ಹೆಂಡತಿಗೆ ಓದಿ ಹೇಳಿದೆ, ಅವಳೂ ಒಂದು ಪುಸ್ತಕ ತರುತ್ತೇನೆ ಅನ್ನುತ್ತಿದ್ದಾಳೆ. ಇನ್ನೊಂದೇ ಅನುಮಾನ. ಇಂಗ್ಲಿಷ್ ಬರದವರು ಗೆಲ್ಲಬಹುದಾ? ಪ್ರಶ್ನೆ ಸುತ್ತಿನಲ್ಲಿ ಕೆಲವರ ಮುಖ ಕಂಗೆಟ್ಟಿದ್ದು ನೋಡಿ ಪಾಪ ಅನಿಸಿತು.

ಗೆರೆ ಪುಸ್ತಕ ಬರೆದದ್ದು:

ಗೆಲ್ಲಬಹುದು. ಅನುವಾದಕರನ್ನು ಇಟ್ಟುಕೊಳ್ಳುವುದಕ್ಕೆ ಬಿಡುತ್ತಾರೆ. 2023ರಲ್ಲಿ ನಿಕರಾಗುವಾದ ಶೆಯ್ನಿಸ್ ಪಲಾಸಿಯೋಸ್ ಸ್ಪ್ಯಾನಿಷ್‌ನಲ್ಲೇ ಉತ್ತರ ಕೊಟ್ಟು ಗೆದ್ದರು. ಒಂದು ವರ್ಷ ಬೇರೆ ಹೆಂಗಸಾಗಿ ಬದುಕುವುದಾದರೆ ಯಾರಾಗುತ್ತೀರಿ ಅಂತ ಪ್ರಶ್ನೆ. ಮೇರಿ ವೊಲ್‌ಸ್ಟನ್‌ಕ್ರಾಫ್ಟ್ ಅಂದರು. ಹದಿನೆಂಟನೇ ಶತಮಾನದಲ್ಲೇ ಹೆಂಗಸರ ಹಕ್ಕಿಗಾಗಿ ಬರೆದಾಕೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

2018ರಲ್ಲಿ ವಿಯೆಟ್ನಾಮಿನ ಎಚ್'ಹೆನ್ ನೀ ಐದರೊಳಗೆ ಬಂದರು, ಉತ್ತರ ವಿಯೆಟ್ನಾಮಿ ಭಾಷೆಯಲ್ಲೇ. ಆ ವರ್ಷ ಮಿಸ್ ಯುಎಸ್‌ಎ ಆಗಿದ್ದವರು ಈ ಎಚ್'ಹೆನ್ ಅವರ ಇಂಗ್ಲಿಷ್ ಬಗ್ಗೆ ತಮಾಷೆ ಮಾಡಿ, ಅದು ವಿಡಿಯೋದಲ್ಲಿ ಸಿಕ್ಕಿಬಿದ್ದು, ಕ್ಷಮೆ ಕೇಳಬೇಕಾಯಿತು. ತೊಂದರೆ ಭಾಷೆಯದ್ದಲ್ಲ, ಅನುವಾದಕರದ್ದು. ಮೂವತ್ತು ಸೆಕೆಂಡಿನಲ್ಲಿ ಹೇಳಿದ ಜೀವಂತ ಮಾತು ಅವರ ಬಾಯಿಗೆ ಬಂದಾಗ ಒಣ ವರದಿ ಆಗಿಬಿಡುತ್ತದೆ.

ಹೀಲ್ಸ್ ಬಿಚ್ಚಿಟ್ಟವಳು ಬರೆದದ್ದು:

ಓದುತ್ತಾ ಸುಮ್ಮನಿರೋಣ ಅಂದುಕೊಂಡಿದ್ದೆ, ಆಗಲಿಲ್ಲ. ನಾನು ಒಂದು ಸ್ಪರ್ಧೆಯಲ್ಲಿ ನಿಂತಿದ್ದೆ. ಹೆಸರು ಬೇಡ. ನೀವೆಲ್ಲ ಮಾತಾಡುತ್ತಿರುವ ದೊಡ್ಡವಲ್ಲ. ಆದರೆ ಹೆಸರಿನ ಕೊನೆಗೆ ಇಂಟರ್‌ನ್ಯಾಷನಲ್ ಅಂತ ಇತ್ತು. ಆ ಪದಕ್ಕೇ ನಾನು ಬಿದ್ದದ್ದು.

ಮೊದಲು ಪ್ರವೇಶ ಶುಲ್ಕ ಅಂದರು. ಆಮೇಲೆ ಫೋಟೋಗೆ ಬೇರೆ, ತರಬೇತಿಗೆ ಬೇರೆ, ಹೋಟೆಲಿಗೆ ಬೇರೆ. ಕೊನೆಯ ದಿನ ನೋಡಿದರೆ ನಿಂತ ಪ್ರತಿಯೊಬ್ಬರಿಗೂ ಒಂದು ಪಟ್ಟ! ಒಳ್ಳೆ ನಗು, ಒಳ್ಳೆ ಕೂದಲು, ಒಳ್ಳೆ ನಡಿಗೆ, ಒಳ್ಳೆ ಸ್ನೇಹ. ನನಗೆ ಬಂದದ್ದು ಒಳ್ಳೆ ಚರ್ಮ. ದುಡ್ಡು ಕೊಟ್ಟವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಜಗತ್ತಿನಲ್ಲಿ ದೊಡ್ಡವು ಅಂತ ಎಲ್ಲರೂ ಒಪ್ಪುವುದು ನಾಲ್ಕು: ಮಿಸ್ ವರ್ಲ್ಡ್, ಮಿಸ್ ಯೂನಿವರ್ಸ್, 1960ರಲ್ಲಿ ಶುರುವಾದ ಮಿಸ್ ಇಂಟರ್‌ನ್ಯಾಷನಲ್, 2001ರಲ್ಲಿ ಫಿಲಿಪೀನ್ಸ್‌ನಲ್ಲಿ ಹುಟ್ಟಿದ ಮಿಸ್ ಅರ್ಥ್. ಉಳಿದವುಗಳ ಹೆಸರು ಎಷ್ಟು ದೊಡ್ಡದೋ ಅಷ್ಟು ಹುಷಾರಾಗಿರಿ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಇಂಥ ಆಸೆ ಇದ್ದರೆ ಮೊದಲು ಕೇಳಬೇಕಾದ್ದು ಒಂದೇ: ಹೋದ ವರ್ಷ ಗೆದ್ದವರು ಈಗ ಎಲ್ಲಿದ್ದಾರೆ? ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಆದರೂ ದುಡ್ಡು ಕಟ್ಟಿದೆ.

ಆದರೆ ನಿಂತದ್ದಕ್ಕೆ ಬೇಜಾರಿಲ್ಲ. ನಿಂತ ಮೇಲೆಯೇ ಈ ಹುಡುಗಿಯರ ಮೇಲೆ ಗೌರವ ಬಂದದ್ದು. ನೀವು ನೋಡುವ ಆ ಸಲೀಸು ನಡಿಗೆ ಇದೆಯಲ್ಲ, ಒಳಗಿಂದ ಅದು ಬೇರೆಯೇ. ಬಟ್ಟೆ ಜಾರದಂತೆ ಎರಡೂ ಕಡೆ ಅಂಟುವ ಟೇಪು. ಈಜುಡುಗೆ ಮೇಲೇರದಂತೆ ಚರ್ಮಕ್ಕೆ ಅಂಟಿನ ಸ್ಪ್ರೇ. ತೆಗೆಯುವಾಗ ಜೀವ ಹೋಗುತ್ತದೆ. ಗಂಟೆಗಟ್ಟಲೆ ನಕ್ಕರೆ ಬಾಯಿ ಒಣಗಿ ತುಟಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅದಕ್ಕೆ ಹಲ್ಲಿಗೆ ವ್ಯಾಸಲೀನ್. ಲೈಟು ಎಷ್ಟು ಜೋರು ಅಂದರೆ ಎದುರಿಗಿನ ಮೆಟ್ಟಿಲೇ ಕಾಣುವುದಿಲ್ಲ. ಕಾಲಿನ ಬೆರಳಲ್ಲಿ ತಡಕಿ ಇಳಿಯಬೇಕು. ಮುಖ ಮಾತ್ರ ಮೇಲೇ ಇರಬೇಕು. ಜಮೈಕಾದ ಹುಡುಗಿ ಬಿದ್ದದ್ದನ್ನು ನೋಡಿ ಜನ ಮೀಮ್ ಮಾಡಿದರು. ನನಗೆ ನೋಡುವುದಕ್ಕೇ ಆಗಲಿಲ್ಲ.

ಇನ್ನೊಂದು, ಗೆರೆ ಪುಸ್ತಕದ ಅಕ್ಕನಿಗೆ ಗೊತ್ತಿರುತ್ತದೆ. ಸುಶ್ಮಿತಾ ಮಿಸ್ ಇಂಡಿಯಾಗೆ ಹಾಕಿದ ಗೌನನ್ನು ಡೆಲ್ಲಿಯ ಸರೋಜಿನಿ ನಗರದಿಂದ ಬಟ್ಟೆ ತಂದು ಸಾಮಾನ್ಯ ಟೈಲರ್ ಕೈಯಲ್ಲಿ ಹೊಲಿಸಿದ್ದು ಅಂತ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಕೈಗವಸು ಹೊಸ ಕಾಲುಚೀಲ ಕತ್ತರಿಸಿ ಮಾಡಿದ್ದು. ನಾನು ಬಾಡಿಗೆಗೆ ತಂದ ಗೌನಿನ ದುಡ್ಡಿನಲ್ಲಿ ಎಷ್ಟು ಜೊತೆ ಕಾಲುಚೀಲ ಬರುತ್ತಿತ್ತು ಅಂತ ಆಗಾಗ ಲೆಕ್ಕ ಹಾಕುತ್ತೇನೆ.

ಹಿಂದಿನ ಬೆಂಚು ಬರೆದದ್ದು:

ನೋಡಿ, ಒಳಗಿದ್ದವರೇ ಹೇಳಿದರು. ಅದಕ್ಕೇ ನಾನು ಕೇಳುವುದು. ಅಂಟು, ಟೇಪು, ಬಾಡಿಗೆ ಗೌನು. ಇದಕ್ಕೆ ಹೆಗಲ ಮೇಲೆ ದೇಶದ ಹೆಸರಿನ ಪಟ್ಟಿ ಯಾಕೆ, ಅದು ಬರೀ ರಿಬ್ಬನ್ ತಾನೇ? ಈಜುಡುಗೆ ಮೆರವಣಿಗೆಗೂ ದೇಶಕ್ಕೂ ಏನು ಸಂಬಂಧ?

ಗೆರೆ ಪುಸ್ತಕ ಬರೆದದ್ದು:

ಈಜುಡುಗೆ ಬಗ್ಗೆ ನನ್ನ ವಾದವೇ ಇಲ್ಲ. ತೆಗೆದರೆ ನನಗೇನೂ ನಷ್ಟವಿಲ್ಲ. ಮಿಸ್ ವರ್ಲ್ಡ್‌ನವರು 2015ರಿಂದ ತೆಗೆದೇಬಿಟ್ಟರು, ಯಾರೂ ಅಳಲಿಲ್ಲ. ಅದಕ್ಕೂ ಮೊದಲು 1996ರಲ್ಲಿ ಬೆಂಗಳೂರಿನಲ್ಲಿ ಮಿಸ್ ವರ್ಲ್ಡ್ ನಡೆದಾಗ ಪ್ರತಿಭಟನೆ ಜೋರಾಗಿ ಆ ಒಂದು ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಒಯ್ದು ಮುಗಿಸಿ ಬಂದಿದ್ದರು. 2000ದಲ್ಲಿ ಸೈಪ್ರಸ್‌ನಲ್ಲಿ ಲಾರಾ ದತ್ತಾ ಅವರಿಗೆ ಕೊನೆಯ ಪ್ರಶ್ನೆಯೇ ಇದಾಗಿತ್ತು: ಹೊರಗೆ ಪ್ರತಿಭಟನೆ ನಡೆಯುತ್ತಿದೆ, ಇದು ಹೆಂಗಸರಿಗೆ ಅವಮಾನ ಅನ್ನುತ್ತಿದ್ದಾರೆ, ಅವರಿಗೆ ಏನು ಹೇಳುತ್ತೀರಿ ಅಂತ.

ಆದರೆ ಹೆಗಲ ಮೇಲಿನ ಪಟ್ಟಿ ಬರೀ ರಿಬ್ಬನ್ ಅಂದಿರಲ್ಲ, ಅದನ್ನು ಒಪ್ಪುವುದಿಲ್ಲ. ಅದಕ್ಕಿಂತ ಭಾರದ ಬಟ್ಟೆ ಆ ವೇದಿಕೆಯಲ್ಲಿ ಇಲ್ಲ. ನನ್ನ ಪುಸ್ತಕದಲ್ಲಿ ಕೊನೆಯ ಪುಟದಿಂದ ಹಿಂದಕ್ಕೆ ಇನ್ನೊಂದು ಪಟ್ಟಿ ಇದೆ. ಅಂಕಕ್ಕೆ ಸಂಬಂಧವಿಲ್ಲದ್ದು.

ಅದರಲ್ಲಿ ಮೊದಲ ಸಾಲು ನಾನು ಹುಟ್ಟುವ ಮೊದಲಿನದು, ಓದಿ ತಿಳಿದದ್ದು. 1970ರ ಮಿಸ್ ವರ್ಲ್ಡ್, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ದಕ್ಷಿಣ ಆಫ್ರಿಕಾದಿಂದ ಇಬ್ಬರು ಬಂದಿದ್ದರು. ಬಿಳಿಯ ಹುಡುಗಿಯ ಪಟ್ಟಿಯಲ್ಲಿ ದಕ್ಷಿಣ ಆಫ್ರಿಕಾ ಅಂತ ಇತ್ತು. ಬಿಳಿಯಳಲ್ಲದ ಪರ್ಲ್ ಜಾನ್ಸೆನ್ ಪಟ್ಟಿಯಲ್ಲಿ ಅದೇ ಹೆಸರನ್ನು ತಿರುವಿಹಾಕಿ ಆಫ್ರಿಕಾ ಸೌತ್ ಅಂತ ಬರೆದಿದ್ದರು. ಒಂದೇ ದೇಶ, ಹೆಸರು ಮಾತ್ರ ಉಲ್ಟಾ! ಆ ರಾತ್ರಿ ಹೆಂಗಸರ ಹಕ್ಕಿನ ಹೋರಾಟಗಾರರು ಹಾಲ್ ಒಳಗೆ ಹಿಟ್ಟು ಎರಚಿ, ನಿರೂಪಕ ಬಾಬ್ ಹೋಪ್ ವೇದಿಕೆ ಬಿಟ್ಟು ಓಡುವಂತೆ ಮಾಡಿದರು. ಗದ್ದಲ ತಣ್ಣಗಾದ ಮೇಲೆ ಗ್ರೆನಡಾದ ಜೆನ್ನಿಫರ್ ಹೋಸ್ಟನ್ ಗೆದ್ದರು. ಮಿಸ್ ವರ್ಲ್ಡ್ ಗೆದ್ದ ಮೊದಲ ಕಪ್ಪು ಹೆಣ್ಣುಮಗಳು. ಎರಡನೆಯವರು ಪರ್ಲ್. ಹಿಟ್ಟು ಎರಚಿದವರೂ ಸರಿ, ವೇದಿಕೆಯಲ್ಲಿ ನಿಂತವರೂ ಸರಿ ಅಂತ ನನಗೆ ಅನಿಸುವ ರಾತ್ರಿ ಅದೊಂದೇ.

2017. ಇರಾಕಿನ ಸಾರಾ ಇದಾನ್, ಇಸ್ರೇಲಿನ ಅದಾರ್ ಗ್ಯಾಂಡಲ್ಸ್‌ಮನ್. ಇಬ್ಬರೂ ಸೇರಿ ಒಂದು ಸೆಲ್ಫಿ ತೆಗೆದು ಹಾಕಿದರು, ಶಾಂತಿ ಪ್ರೀತಿ ಅಂತ ಬರೆದು. ಬೆದರಿಕೆ ಎಷ್ಟು ಬಂತೆಂದರೆ ಸಾರಾ ಅವರ ಮನೆಯವರು ಇರಾಕ್ ಬಿಡಬೇಕಾಯಿತು. ನಮ್ಮಲ್ಲಿ ಮದುವೆಮನೆಯಲ್ಲಿ ನೂರು ಸೆಲ್ಫಿ ತೆಗೆಯುತ್ತಾರೆ. ಇದು ಒಂದು.

2021ರ ಮೇ. ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದು ಮೂರು ತಿಂಗಳು ಆಗಿತ್ತು. ಥುಜಾರ್ ವಿಂಟ್ ಲ್ವಿನ್ ದೇಶದ ಉಡುಗೆಯಲ್ಲಿ ಬಂದವರು ಕೈಯಲ್ಲಿದ್ದ ಬರಹವನ್ನು ಬಿಚ್ಚಿ ಹಿಡಿದರು: ಮ್ಯಾನ್ಮಾರ್‌ಗಾಗಿ ಪ್ರಾರ್ಥಿಸಿ. ಆ ವರ್ಷದ ಉಡುಗೆ ಬಹುಮಾನ ಅವರಿಗೇ ಬಂತು. ಮೇಲೆ ಹೇಳಿದ ನಿಕರಾಗುವಾದ ಶೆಯ್ನಿಸ್ ಗೆದ್ದ ರಾತ್ರಿ, ಸಭೆ ಮೆರವಣಿಗೆಗೆ ಅವಕಾಶವೇ ಇಲ್ಲದ ಆ ದೇಶದಲ್ಲಿ ಜನ ಬಾವುಟ ಹಿಡಿದು ಬೀದಿಗೆ ಬಂದರು. ಸರ್ಕಾರ ಹೆದರಿತು. ಅಲ್ಲಿನ ಸ್ಪರ್ಧೆ ನಡೆಸುತ್ತಿದ್ದವರನ್ನು ದೇಶದೊಳಗೆ ಬಿಡಲಿಲ್ಲ. 2015ರಲ್ಲಿ ಕೆನಡಾದ ಅನಾಸ್ಟೇಸಿಯಾ ಲಿನ್ ಚೀನಾದ ಮಾನವ ಹಕ್ಕುಗಳ ಬಗ್ಗೆ ಮಾತಾಡಿದ್ದಕ್ಕೆ ಸನ್ಯಾದ ಮಿಸ್ ವರ್ಲ್ಡ್‌ಗೆ ಹೋಗಲು ವೀಸಾ ಸಿಗಲಿಲ್ಲ. ಬರೀ ಈಜುಡುಗೆ ಮೆರವಣಿಗೆಯಾಗಿದ್ದರೆ ಸರ್ಕಾರಗಳು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದವಾ?

ನನಗೆ ಜಾಸ್ತಿ ನೆನಪಾಗುವವರು ಚಿಡಿಮ್ಮಾ ಅಡೆಟ್‌ಶಿನಾ. ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದಲ್ಲಿ, ಅಪ್ಪ ನೈಜೀರಿಯಾದವರು. 2024ರಲ್ಲಿ ಮಿಸ್ ಸೌತ್ ಆಫ್ರಿಕಾಗೆ ನಿಂತಾಗ "ನೀನು ನಮ್ಮವಳಲ್ಲ" ಅಂತ ಜನ ಮುಗಿಬಿದ್ದರು. ಆಗಸ್ಟ್‌ನಲ್ಲಿ ಹಿಂದೆ ಸರಿದರು. ಅದೇ ತಿಂಗಳು ನೈಜೀರಿಯಾದವರು ಬನ್ನಿ ಅಂತ ಕರೆದರು, ಹೋದರು, ಅಲ್ಲಿ ಗೆದ್ದರು. ನವೆಂಬರಿನಲ್ಲಿ ಮೆಕ್ಸಿಕೋ ಸಿಟಿಯಲ್ಲಿ ನೈಜೀರಿಯಾ ಅನ್ನುವ ಪಟ್ಟಿ ಹಾಕಿಕೊಂಡು ಕೊನೆಯ ಇಬ್ಬರಲ್ಲಿ ಒಬ್ಬರಾಗಿ ನಿಂತಿದ್ದರು. ನಾನು ಬರೆದದ್ದೂ ಅವರ ಹೆಸರೇ. ಡೆನ್ಮಾರ್ಕ್ ಅಂತ ಕೂಗಿದಾಗ ಅವರು ನಕ್ಕು ತಬ್ಬಿಕೊಂಡರು. ನಾನು ಮಾತ್ರ ಒಂದು ವಾರ ಮುಖ ಊದಿಸಿಕೊಂಡಿದ್ದೆ.

ಹಿಂದಿನ ಬೆಂಚು ಬರೆದದ್ದು:

ಸರಿ, ಆಫ್ರಿಕಾ ಸೌತ್ ವಿಷಯ ಗೊತ್ತಿರಲಿಲ್ಲ. ಈಜುಡುಗೆ ವಿಷಯದಲ್ಲಿ ನಾನು ಹೇಳಿದ್ದು ಹೇಳಿದ್ದೇ.

ಮೊದಲ ಸಲ ನೋಡಿದವನು ಬರೆದದ್ದು:

ಮೇಡಂ, ಕೊನೇ ಪ್ರಶ್ನೆ, ಆಮೇಲೆ ಬಿಡುತ್ತೇನೆ. ನಿರೂಪಕರು ತಪ್ಪು ಹೆಸರು ಓದಿದ್ದು ಯಾವ ವರ್ಷ? 2015 ಅಲ್ವಾ? ನಿಮ್ಮ ಪುಸ್ತಕದಲ್ಲಿ ಆ ಪುಟ ಹೇಗಿದೆ?

ಗೆರೆ ಪುಸ್ತಕ ಬರೆದದ್ದು:

ಅಯ್ಯೋ, ಅದನ್ನೇ ಕೇಳಬೇಕಿತ್ತಾ!

ಹೌದು, 2015. ಲಾಸ್ ವೇಗಸ್. ಅಲ್ಲಿ ಡಿಸೆಂಬರ್ 20ರ ರಾತ್ರಿ, ನಮಗೆ 21ರ ಬೆಳಿಗ್ಗೆ, ಸೋಮವಾರ. ಸ್ಟೀವ್ ಹಾರ್ವಿ ಕಾರ್ಡ್ ನೋಡಿ ಕೊಲಂಬಿಯಾ ಅಂದರು. ಹಿಂದಿನ ವರ್ಷದ ವಿಜೇತೆ ಪೌಲಿನಾ ವೇಗಾ ಕೂಡ ಕೊಲಂಬಿಯಾದವರೇ. ತಮ್ಮ ದೇಶದ ಹುಡುಗಿ ಅರಿಯಾಡ್ನಾ ಗುಟಿಯೆರೆಸ್ ತಲೆಗೆ ಕಿರೀಟ ಇಟ್ಟರು. ಆಕೆ ಕೈ ಬೀಸಿದರು, ಮುತ್ತು ಹಾರಿಸಿದರು. ಕೆಲವು ನಿಮಿಷದ ಮೇಲೆ ಹಾರ್ವಿ ವಾಪಸ್ ಬಂದು, ತಪ್ಪಾಯಿತು, ಗೆದ್ದದ್ದು ಫಿಲಿಪೀನ್ಸ್ ಅಂದರು. ಇಟ್ಟ ಪೌಲಿನಾ ಕೈಯಿಂದಲೇ ಕಿರೀಟ ತೆಗೆಸಿ ಪಿಯಾ ವುರ್ಟ್ಸ್‌ಬಾಕ್ ತಲೆಗೆ ಇಡಿಸಿದರು.

ನಾನು ಬರೆದಿದ್ದು ಫಿಲಿಪೀನ್ಸ್. ಆದರೆ ಆ ದಿನ ಆಫೀಸಿಗೆ ತಡವಾಗಿತ್ತು. ಚಪ್ಪಲಿ ಹಾಕಿಕೊಂಡೇ ನಿಂತು ನೋಡುತ್ತಿದ್ದೆ. ಕೊಲಂಬಿಯಾ ಅಂದ ತಕ್ಷಣ ಪುಸ್ತಕದಲ್ಲಿ ತಪ್ಪು ಗುರುತು ಹಾಕಿ, ಸಿಟ್ಟಿನಲ್ಲಿ ಟೀವಿ ಆರಿಸಿ, ಬಾಗಿಲು ಎಳೆದುಕೊಂಡು ಹೊರಟೆ. ಮೂವತ್ತು ವರ್ಷ ನೋಡಿದ್ದರಲ್ಲಿ ನಡೆದ ಅತಿ ದೊಡ್ಡ ಸಂಗತಿಯನ್ನು ನಾನು ನೇರ ನೋಡಿಯೇ ಇಲ್ಲ. ಹನ್ನೊಂದು ಗಂಟೆಗೆ ಪಕ್ಕದ ಸೀಟಿನವರು ಮೊಬೈಲ್ ತೋರಿಸಿ "ನಿಮ್ಮದು ಇದೇ ಅಲ್ವಾ?" ಅಂದರು.

ಪುಟ ಹೇಗಿದೆ ಅಂದರೆ, ಕೆಂಪು ಪೆನ್ನಿನ ದೊಡ್ಡ ತಪ್ಪು ಗುರುತು. ಅದರ ಪಕ್ಕದಲ್ಲಿ ಸಂಜೆ ಬಂದು ಹಾಕಿದ ಸಣ್ಣ ಸರಿ ಗುರುತು, ನೀಲಿಯಲ್ಲಿ. ಕೆಂಪು ಪೆನ್ನು ಎಲ್ಲಿಟ್ಟೆನೋ ಸಿಕ್ಕಿರಲಿಲ್ಲ.